ಭಾನುವಾರ ಗ್ಯಾರಂಟಿ

ಸಂಜೆ ಅಂಗಡಿ ಗುಡಿಸುವ ಮುಂಚೆ ನೆಲದ ಮೇಲೆ ಬಿದ್ದ ಗುಂಡುಸೂಜಿಗಳನ್ನು ಆರಿಸುವುದು ನನ್ನ ಕೆಲಸ. ಒಂದು ದಾರಕ್ಕೆ ಅಯಸ್ಕಾಂತ ಕಟ್ಟಿಕೊಂಡು, ಕತ್ತರಿಸುವ ಮೇಜಿನ ಕೆಳಗೆ ನುಸುಳಿ, ಅದನ್ನು ನೆಲದ ಮೇಲೆ ನಿಧಾನವಾಗಿ ಎಳೆಯುತ್ತೇನೆ. ಸೂಜಿಗಳು ಒಂದೊಂದಾಗಿ ಬಂದು ಅಂಟಿಕೊಳ್ಳುತ್ತವೆ. ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ಆ ಗುರುವಾರವೂ ಹಾಗೇ ಕೂತಿದ್ದೆ. ಅಮ್ಮ ಕಿಟಕಿಯ ಪಕ್ಕ ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದಳು. ಅಪ್ಪ ಬಾಯಲ್ಲಿ ಸೂಜಿ ಕಚ್ಚಿಕೊಂಡು ಮೇಜಿನ ಮುಂದೆ ನಿಂತಿದ್ದ. ನಾನಿದ್ದ ಜಾಗದಿಂದ ಅಪ್ಪನ ಪಾದಗಳಷ್ಟೇ ನನಗೆ ಕಾಣುತ್ತಿದ್ದವು.

ಪಾದ ಕಂಡರೆ ಸಾಕು. ಅಪ್ಪ ಸುಳ್ಳು ಹೇಳುವಾಗ ಅವನ ಬಲಗಾಲಿನ ಹೆಬ್ಬೆರಳು ತಾನಾಗಿ ಮೇಲೆದ್ದು ನಿಲ್ಲುತ್ತದೆ. ಅಪ್ಪನಿಗೂ ಗೊತ್ತಿಲ್ಲದ ಈ ವಿಷಯ ಮೇಜಿನ ಕೆಳಗೆ ಕೂರುವವರಿಗೆ ಮಾತ್ರ ಗೊತ್ತು.

ಅಪ್ಪ ಕೆಟ್ಟ ಮನುಷ್ಯನಲ್ಲ. ಅವನು ದರ್ಜಿ, ಅಷ್ಟೇ. ದರ್ಜಿಗಳ ಬಾಯಲ್ಲಿ ವಾರದ ದಿನಗಳು ಬೇರೆ ರೀತಿ ನಡೆಯುತ್ತವೆ. "ನಾಳೆ ಬನ್ನಿ" ಅಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ. "ನಾಳಿದ್ದು ಬಂದ್ಬಿಡಿ" ಅಂದರೆ ಬಟ್ಟೆ ಎಲ್ಲಿದೆ ಎಂದು ಹುಡುಕಬೇಕಾಗಿದೆ. "ಭಾನುವಾರ ಗ್ಯಾರಂಟಿ" ಅಂದರೆ, ಯಾವ ಭಾನುವಾರ ಎಂದು ಕೇಳಬಾರದು. ನಾನು ಓದು ಅರ್ಧಕ್ಕೆ ಬಿಟ್ಟು ಕಾಜಾ ಹೊಲಿಯಲು ಕೂತ ಮೇಲೆ ಮೊದಲು ಕಲಿತ ಪಾಠ ಇದು.

ಇದೇ ಗ್ಯಾರಂಟಿಯನ್ನು ಅಪ್ಪ ಅಮ್ಮನಿಗೂ ಕೊಟ್ಟಿದ್ದ.

ಅಪ್ಪ ಹಳೆಯ ಪತ್ರಿಕೆಗಳಲ್ಲಿ ತೋಳು, ಕಾಲರು, ಬೆನ್ನಿನ ಮಾದರಿಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾನೆ. ಒಂದು ತೋಳಿನ ಮಾದರಿಯಲ್ಲಿ ಬಾಹ್ಯಾಕಾಶ ಕೇಂದ್ರದ ಜಾಹೀರಾತು ಸೇರಿಹೋಗಿತ್ತು. ಊರಿನಿಂದ ಒಂದು ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ಜಾಗ ಅದು. ರಾಕೆಟ್ಟು, ಗಗನಯಾತ್ರಿಗಳ ಸಾಮಾನು ಎಲ್ಲ ಜನ ನೋಡಲಿ ಎಂದು ಇಟ್ಟಿದ್ದಾರೆ. ಜಾಹೀರಾತಿನ ರಾಕೆಟ್ಟಿನ ಮೂತಿ ಕಂಕುಳಿನ ತಿರುವಿನಲ್ಲಿ ಕತ್ತರಿಗೆ ಹೋಗಿತ್ತು. ಉಳಿದದ್ದು ದುಂಡು ಛಾವಣಿಯ ಒಂದು ದೊಡ್ಡ ಕೋಣೆ, ಹಿಂದಕ್ಕೆ ವಾಲಿದ ಕುರ್ಚಿಗಳು, ಕುರ್ಚಿಗಳಲ್ಲಿ ಒರಗಿಕೊಂಡು ಮೇಲಿನ ನಕ್ಷತ್ರ ನೋಡುತ್ತಿರುವ ಜನ. ಅಮ್ಮ ಆ ತೋಳನ್ನು ತನ್ನ ಯಂತ್ರದ ಮೇಲಿನ ಗೋಡೆಗೆ ಚುಚ್ಚಿಕೊಂಡಿದ್ದಳು.

"ಇಲ್ಲಿ ಕೂತ್ಕೋಬೇಕು ನಾನು," ಅಂದಿದ್ದಳು. "ಕತ್ತು ಹಿಂದಕ್ಕೆ ಹಾಕ್ಕೊಂಡು."

ಅಮ್ಮನ ಕತ್ತು ಹಿಂದಕ್ಕೆ ಬಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮದುವೆಯಾದಂದಿನಿಂದ ಅವಳು ಬೇರೆಯವರ ಪ್ಯಾಂಟಿನ ಅಂಚು ನೋಡುತ್ತಾ ಬಂದಿದ್ದಾಳೆ. ಬೀದಿಯಲ್ಲಿ ಯಾರನ್ನೂ ಮುಖ ನೋಡಿ ಗುರುತು ಹಿಡಿಯುವುದಿಲ್ಲ, ಚಪ್ಪಲಿ ನೋಡಿ ಹಿಡಿಯುತ್ತಾಳೆ. ಅಪ್ಪ ಆಗಲೇ, "ಅದಕ್ಕೇನಂತೆ, ಭಾನುವಾರ ಹೋಗೋಣ, ಗ್ಯಾರಂಟಿ," ಅಂದ. ಗೋಡೆಯ ಮೇಲಿನ ತೋಳು ಹಳದಿಯಾಗುವಷ್ಟು ಭಾನುವಾರಗಳು ಬಂದು ಹೋದವು. ಕೊನೆಗೆ ಆ ವಾರದ ಮೊದಲಲ್ಲಿ ಅಮ್ಮ, "ಈ ಭಾನುವಾರ ಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಅಂಚು ನೀವೇ ಹೊಲ್ಕೊಳ್ಳಿ," ಎಂದು ಬಿಟ್ಟಿದ್ದಳು. ಅಪ್ಪನಿಗೆ ಅಂಚು ಹೊಲಿಯಲು ತಾಳ್ಮೆ ಇಲ್ಲ. ಈ ಸಲ ನಿಜವಾಗಿ ಹೋಗುವುದು ಎಂದು ತೀರ್ಮಾನವಾಗಿತ್ತು.

ಆ ಗುರುವಾರ ಸಂಜೆ, ನಾನು ಮೇಜಿನ ಕೆಳಗಿದ್ದಾಗ, ಬಾಗಿಲಲ್ಲಿ ಮಿಂಚುವ ಕಪ್ಪು ಬೂಟುಗಳು ಬಂದು ನಿಂತವು. ಅಮ್ಮ ತಲೆ ಎತ್ತದೆಯೇ, "ಸ್ಟೇಷನ್ ಮಾಸ್ಟ್ರು," ಎಂದಳು.

ಸ್ಟೇಷನ್ ಮಾಸ್ಟರ್ ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಆದರೂ ಅವರು ರಸ್ತೆ ದಾಟಿದರೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಒಂದು ಕೋಟು ಹೊಲಿಸಲು ಅವರು ನಮ್ಮ ಅಪ್ಪನನ್ನೇ ಏಕೆ ಆರಿಸಿಕೊಂಡರು ಎಂಬುದು ದೊಡ್ಡವರಿಗೂ ಬಗೆಹರಿಯದ ಪ್ರಶ್ನೆ.

"ಏನಪ್ಪಾ, ನನ್ನ ಕೋಟು ಎಲ್ಲಿಗೆ ಬಂತು?"

ಅವರ ಕೋಟಿನ ಬಟ್ಟೆಯ ಮೇಲೆ ನಾನು ಕೂತಿದ್ದೆ. ನೆಲ ತಣ್ಣಗಿತ್ತು, ಬಟ್ಟೆ ದಪ್ಪಗಿತ್ತು, ಮಡಿಕೆ ಬಿಚ್ಚಿಯೇ ಇರಲಿಲ್ಲ.

"ಆಗ್ತಾ ಇದೆ ಸಾರ್. ಒಳಗಿನ ಕೆಲಸ ನಡೀತಿದೆ."

"ಭಾನುವಾರ ನಮ್ಮ ನಿವೃತ್ತರ ಸಂಘದ ವಾರ್ಷಿಕ ಫೋಟೋ. ನಾನು ಅಧ್ಯಕ್ಷ. ಮಧ್ಯದ ಕುರ್ಚೀಲಿ ಕೂರೋನು. ಹೋದ ವರ್ಷ ಸ್ವೆಟರಲ್ಲಿ ಕೂತಿದ್ದೆ, ಅದಕ್ಕೆ ಹಿಂದಿನ ವರ್ಷವೂ ಸ್ವೆಟರಲ್ಲೇ ಕೂತಿದ್ದೆ. ಈ ಸಲ ಭಾನುವಾರ ಬೆಳಿಗ್ಗೆ ಬರ್ತೀನಿ."

"ಭಾನುವಾರ ನಾನು ಇರಲ್ಲವಲ್ಲ ಸಾರ್."

"ಎಲ್ಲಿಗೆ ಹೋಗ್ತೀಯಾ?"

ಇಲ್ಲಿ ಅಪ್ಪ ನಿಜ ಹೇಳಬಹುದಿತ್ತು. ಆದರೆ ಗಿರಾಕಿಯ ಕೋಟು ಬಾಕಿ ಇಟ್ಟು ಹೆಂಡತಿ ಮಗಳ ಜೊತೆ ತಿರುಗಾಡಲು ಹೋಗುತ್ತೇನೆ ಎಂದು ಹೇಳಿದ ದರ್ಜಿ ಲೋಕದಲ್ಲಿ ಈತನಕ ಹುಟ್ಟಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಹೆಬ್ಬೆರಳು ಮೇಲೆದ್ದಿತು.

"ಬಾಹ್ಯಾಕಾಶ ಕೇಂದ್ರಕ್ಕೆ. ಅಲ್ಲಿ ಒಂದು ಸೂಟಿನ ವಿಷಯ ಇದೆ ಸಾರ್. ಜಾಸ್ತಿ ಹೇಳೋ ಹಾಗಿಲ್ಲ."

ಕಪ್ಪು ಬೂಟುಗಳು ಒಂದು ಹೆಜ್ಜೆ ಹತ್ತಿರ ಬಂದವು. ಸ್ಟೇಷನ್ ಮಾಸ್ಟರರ ದನಿ ಪಾತಾಳಕ್ಕೆ ಇಳಿಯಿತು.

"ಮೇಲೆ ಹೋಗೋರ ಸೂಟಾ?"

ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೂಜಿಯನ್ನು ಮತ್ತೆ ಬಾಯಿಗೆ ಹಾಕಿಕೊಂಡ. ದರ್ಜಿಯ ಬಾಯಲ್ಲಿ ಸೂಜಿ ಇರುವಾಗ ಯಾರೂ ಉತ್ತರ ಕೇಳುವುದಿಲ್ಲ. ಈ ಅನುಕೂಲವನ್ನು ಅಪ್ಪ ಬಹಳ ಸಲ ಬಳಸಿಕೊಂಡಿದ್ದಾನೆ.

"ಹೇಳ್ಬೇಡ, ಹೇಳ್ಬೇಡ," ಎಂದರು ಸ್ಟೇಷನ್ ಮಾಸ್ಟರ್. "ನನಗೆ ಅರ್ಥ ಆಯ್ತು. ಯಾರ ಹತ್ರಾನೂ ಬಾಯಿ ಬಿಡಲ್ಲ."

ಶುಕ್ರವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಇಡೀ ಬೀದಿಗೆ ವಿಷಯ ಗೊತ್ತಿತ್ತು.

ಮೊದಲು ಬಂದವನು ಪಕ್ಕದ ಕ್ಷೌರದಂಗಡಿಯವನು. ಕೈಯಲ್ಲಿ ಬ್ರಷ್ಷು, ಬ್ರಷ್ಷಿನ ತುಂಬ ನೊರೆ. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯೂ ಹಿಂದೆಯೇ ಬಂದ.

"ಅಣ್ಣಾ, ಒಂದು ಅನುಮಾನ. ಅಲ್ಲಿ ಯಾವುದಕ್ಕೂ ಭಾರ ಇರಲ್ವಂತೆ. ಪ್ಯಾಂಟು ಸೊಂಟದಲ್ಲಿ ಹೇಗೆ ನಿಲ್ಲುತ್ತೆ?"

ಅಪ್ಪ ಟೇಪನ್ನು ಕತ್ತಿಗೆ ಹಾಕಿಕೊಂಡು ಯೋಚಿಸಿದ. "ಭಾರ ಇಲ್ಲ ಅಂದ್ಮೇಲೆ ಜಾರೋಕೇ ಆಗಲ್ವಲ್ಲ. ಬೀಳೋದು ಭಾರ ಇರೋ ಪ್ಯಾಂಟು."

"ಅಬ್ಬಾ, ಏನು ತಲೆ," ಎಂದ ಸೋಪು ಮುಖದವನು.

ಇಂಥ ಮಾತಿಗೆ ಜನ ತಲೆದೂಗಿದರೆ ಯಾವ ಮನುಷ್ಯ ತಾನೇ ಸುಮ್ಮನಿರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಸೂಟಿನ ಜೇಬಿನ ಬಗ್ಗೆ ಸ್ವಂತ ಅಭಿಪ್ರಾಯ ಹೇಳತೊಡಗಿದ್ದ. ಎದುರಿನ ರೆಡಿಮೇಡ್ ಅಂಗಡಿಯವನು ಮಾತ್ರ ಕೈಕಟ್ಟಿಕೊಂಡು ನಮ್ಮ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡ. ಅವನ ಅಂಗಡಿಯಲ್ಲಿ ಎಲ್ಲರಿಗೂ ಮೂರೇ ಅಳತೆ: ಚಿಕ್ಕದು, ದೊಡ್ಡದು, ಹೊಟ್ಟೆಯವರದು. ಅಪ್ಪನನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುವುದಿಲ್ಲ.

"ಪೋಲೀಸಿನೋರ ಚಡ್ಡಿ ಹೊಲಿಯೋಕೇ ಟೆಂಡರ್ ಕರೀತಾರೆ. ಇವನಿಗೆ ಹಾಗೇ ಕೊಟ್ಬಿಟ್ರಾ?"

"ನಾನು ಕೊಟ್ರು ಅಂತ ಎಲ್ಲಿ ಹೇಳಿದೆ?" ಎಂದ ಅಪ್ಪ. ಇದು ನಿಜವೇ ಆಗಿತ್ತು. ಹೆಬ್ಬೆರಳು ನೆಲದ ಮೇಲೆ ಶಾಂತವಾಗಿತ್ತು.

ಸಂಜೆ ಅಪ್ಪನ ಅಕ್ಕ ಬಂದಳು. ಅತ್ತೆಗೆ ನಮ್ಮ ಮನೆಯ ಸುದ್ದಿ ಬೇರೆಯವರಿಂದ ತಿಳಿದರೆ ಕಣ್ಣಲ್ಲಿ ನೀರು ಬರುತ್ತದೆ, ಮತ್ತು ಆ ನೀರಿನಲ್ಲಿ ಎಲ್ಲರನ್ನೂ ತೊಳೆಯುತ್ತಾಳೆ.

"ಲೋ, ನಿನ್ನನ್ನ ಎತ್ತಿ ಆಡಿಸಿದೋಳು ನಾನು. ತರಕಾರಿಯೋಳ ಬಾಯಲ್ಲಿ ಕೇಳ್ಬೇಕೇನೋ ಇದನ್ನ?"

"ನಾನು ಯಾರಿಗೂ ಏನೂ ಹೇಳಿಲ್ಲ ಅಕ್ಕ."

"ಅದೇ ಮತ್ತೆ. ದೊಡ್ಡ ಕೆಲಸ ಮಾಡೋರು ಯಾರೂ ಹೇಳಲ್ಲ. ನೋಡು, ಅಲ್ಲಿಗೆ ಹೋದೋರು ಸ್ವಲ್ಪ ಉದ್ದ ಆಗ್ತಾರಂತೆ. ರೇಡಿಯೋದಲ್ಲಿ ಹೇಳಿದ್ರು. ಕಾಲಿನ ಹತ್ರ ಒಳಗೆ ಬಟ್ಟೆ ಬಿಟ್ಟು ಹೊಲಿ. ಆಮೇಲೆ ಬಿಚ್ಕೋಬಹುದು."

"ಅದು ನನಗೆ ಗೊತ್ತಿಲ್ವಾ ಅಕ್ಕ? ಬಿಟ್ಟೇ ಹೊಲಿಯೋದು," ಎಂದ ಅಪ್ಪ, ಸ್ವಲ್ಪ ಕೋಪದಿಂದಲೇ.

ಅತ್ತೆ ಹೋದ ಮೇಲೆ ಅಮ್ಮ ಪ್ಯಾಂಟಿನಿಂದ ಕಣ್ಣು ತೆಗೆಯದೆ ಕೇಳಿದಳು:

"ಭಾನುವಾರಕ್ಕೆ ಊಟದ ಡಬ್ಬಿ ಮೂರು ಸಾಕಾ?"

"ಡಬ್ಬಿನಾ? ಅದು ಹೇಗೇ ಆಗುತ್ತೆ? ಡಬ್ಬಿ ಕಟ್ಕೊಂಡು, ಹೆಂಡತಿ ಮಗಳನ್ನ ಹಿಂದೆ ಹಾಕ್ಕೊಂಡು ಅಂಥಾ ಕೆಲಸಕ್ಕೆ ಹೋಗೋಕಾಗುತ್ತಾ? ಬೀದಿ ಜನ ಏನಂದ್ಕೋತಾರೆ?"

"ಎಂಥಾ ಕೆಲಸಕ್ಕೆ?"

"ಅದೇ, ಸೂಟಿನ ಕೆಲಸ."

ಅಮ್ಮ ತಲೆ ಎತ್ತಿ ನೋಡಿದಳು. ಅಂಥ ಕೆಲಸ ಯಾವುದೂ ಇಲ್ಲ ಎಂದು ಅಪ್ಪನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಅವನು ಸ್ಟೂಲಿನ ಮೇಲೆ ಕುಸಿದ.

"ನೀವಿಬ್ರೂ ಹಿಂದಿನ ಬಸ್ಸಲ್ಲಿ ಬನ್ನಿ. ಅಲ್ಲಿ ಸಿಕ್ಕಿದಾಗ ಗುರುತಿಲ್ಲದ ಹಾಗೆ ಇರೋಣ."

ಅಮ್ಮ ದಾರವನ್ನು ಹಲ್ಲಲ್ಲಿ ಕಡಿದಳು.

"ಇಲ್ಲಾಂದ್ರೆ ಮುಂದಿನ ಭಾನುವಾರ. ಈ ಗಲಾಟೆ ಎಲ್ಲ ಮುಗೀಲಿ. ಗ್ಯಾರಂ..."

ಅಮ್ಮ ಸೂಜಿಯನ್ನು ಯಂತ್ರದ ಪಕ್ಕದ ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು. ಬೆಳಕಿರುವಾಗ ಆ ಸೂಜಿ ದಿಂಬಿನಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ. ಎದ್ದು, ಗೋಡೆಯ ಮೇಲಿನ ಹಳದಿ ತೋಳನ್ನು ಕಿತ್ತು, ಸುಕ್ಕಾಗದ ಹಾಗೆ ನೇವರಿಸಿ, ಅಪ್ಪನ ಮಾದರಿಗಳ ಕಟ್ಟಿನೊಳಗೆ ಸೇರಿಸಿದಳು.

"ತೋಳಿಗೆ ಬೇಕಾಗುತ್ತೆ. ಇಟ್ಕೊಳ್ಳಿ," ಎಂದು ಒಳಗೆ ಹೋದಳು.

ಅಪ್ಪ ಆ ಕಟ್ಟನ್ನೇ ನೋಡುತ್ತಾ ಕೂತ. "ನೀನಾದ್ರೂ ಏನಾದ್ರೂ ಹೇಳೇ," ಎಂದ ನನಗೆ. ನಾನು ಮೇಜಿನ ಕೆಳಗೆ ನುಸುಳಿದೆ. ಅಯಸ್ಕಾಂತ ಎಳೆದೆ.

ಶನಿವಾರ ಬೆಳಿಗ್ಗೆ ಅಪ್ಪ ಒಂದು ನಿರ್ಧಾರಕ್ಕೆ ಬಂದಿದ್ದ. ಸ್ಟೇಷನ್ ಮಾಸ್ಟರ್ ಬಂದ ಕೂಡಲೇ ಎಲ್ಲ ಒಪ್ಪಿಕೊಂಡುಬಿಡುವುದು. ಅವನು ಕನ್ನಡಿಯ ಮುಂದೆ ನಿಂತು, "ಸಾರ್, ಅಂಥದ್ದೇನೂ ಇಲ್ಲ ಸಾರ್," ಎಂದು ಅಭ್ಯಾಸವನ್ನೂ ಮಾಡಿದ. ಕಪ್ಪು ಬೂಟುಗಳು ಬಂದವು.

"ಸಾರ್, ಅಂಥದ್ದೇ..."

"ಮಾತಾಡ್ಬೇಡ, ಕೇಳು. ನಿನ್ನನ್ನ ಬಸ್ಸಲ್ಲಿ ಒಬ್ಬನ್ನೇ ಕಳಿಸಿದ್ರೆ ನಮ್ಮ ಬೀದಿ ಮರ್ಯಾದೆ ಏನಾಗುತ್ತೆ? ಸಂಘದೋರು ವ್ಯಾನ್ ಗೊತ್ತು ಮಾಡಿದೀವಿ. ನಾವೆಲ್ಲ ಬರ್ತೀವಿ. ವಾರ್ಷಿಕ ಫೋಟೋನೂ ಅಲ್ಲೇ ತೆಗೆಸೋದು ಅಂತ ಠರಾವು ಆಗಿದೆ. ಒಬ್ಬರೂ ವಿರೋಧ ಮಾಡ್ಲಿಲ್ಲ."

ಅಪ್ಪನ ಬಾಯಿ ತೆರೆದೇ ಇತ್ತು. ಈ ಸಲ ಅದರಲ್ಲಿ ಸೂಜಿಯೂ ಇರಲಿಲ್ಲ.

"ಅಂದ್ಮೇಲೆ ಕೋಟಂತೂ ಬೇಕೇ ಬೇಕು. ಅಂಥಾ ಜಾಗಕ್ಕೆ ಸ್ವೆಟರಲ್ಲಿ ಬರೋಕಾಗುತ್ತಾ? ಹಾಗೇ ನಮ್ಮ ಖಜಾಂಚಿಯೋರಿಗೂ ಒಂದು ಹೊಲಿದುಬಿಡು. ಬಟ್ಟೆ, ಅಳತೆ ಎರಡೂ ತಂದಿದೀನಿ."

ಒಂದು ಕೋಟಿನಿಂದ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಎರಡು ಕೋಟಾಗಿ ಮನೆಗೆ ವಾಪಸಾಗಿತ್ತು.

ಆಗ ಅಪ್ಪನ ಕಣ್ಣು ಗೋಡೆಯ ಮೇಲೆ ಹೋಯಿತು. ಅಲ್ಲಿ ಒಂದು ತೋಳಿನಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ವ್ಯಾನಲ್ಲಿ ನನ್ನ ಸಹಾಯಕಿಯರಿಗೂ ಜಾಗ ಬೇಕು ಸಾರ್."

"ಯಾರು?"

"ಅಂಚಿನ ಕೆಲಸಕ್ಕೆ ನನ್ನ ಹೆಂಡತಿ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಇಲ್ಲಿ ಕೆಳಗೆ ಕೂತಿರೋ ಮಗಳು."

ಸ್ಟೇಷನ್ ಮಾಸ್ಟರ್ ಬಗ್ಗಿ ನೋಡಿದರು. ಇಷ್ಟು ಕಾಲ ಅಂಗಡಿಗೆ ಬಂದು ಹೋದವರು ನನ್ನನ್ನು ಕಂಡದ್ದು ಅದೇ ಮೊದಲು.

"ಈ ಮೇಜಿನ ಕೆಳಗಿರೋ ಹುಡುಗಿನಾ?"

"ಹೂಂ ಸಾರ್. ತಳದ ಕೆಲಸ ಎಲ್ಲ ಅವಳದೇ."

ಒಳಬಾಗಿಲಲ್ಲಿ ಅಮ್ಮ ನಿಂತಿದ್ದಳು. ಯಾವಾಗ ಬಂದಳೋ. ದಿಂಬಿನಿಂದ ಸೂಜಿ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ದಾರ ಪೋಣಿಸಿದಳು.

"ಸಹಾಯಕಿ ಕತ್ತರಿ ಪೆಟ್ಟಿಗೆ ಹೊರಲ್ಲ," ಎಂದಳು. "ಊಟದ ಡಬ್ಬಿ ಹೊರ್ತಾಳೆ. ಆ ಬಟ್ಟೆ ಇತ್ತ ಕೊಡಿ."

ಆ ದಿನ ನಮ್ಮ ಅಂಗಡಿಯಲ್ಲಿ ಎರಡು ಕೋಟು ಹುಟ್ಟಿದವು. ಪೂರ್ತಿ ಹುಟ್ಟಿದವು ಎನ್ನಲಾರೆ. ಖಜಾಂಚಿಯವರ ಕೋಟಿಗೆ ಲೈನಿಂಗ್ ಬೆನ್ನಿನ ಮೇಲೆ ಮಾತ್ರ ಇತ್ತು. ಸ್ಟೇಷನ್ ಮಾಸ್ಟರರ ಎಡದ ತೋಳು ಬರೀ ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು.

ಭಾನುವಾರ ಬೆಳಿಗ್ಗೆ ಸ್ಟೇಷನ್ ಮಾಸ್ಟರ್ ವ್ಯಾನಿನ ಬಾಗಿಲಲ್ಲಿ ನಿಂತು ಸೀಟಿ ಊದಿದರು. ಹಲ್ಲುಜ್ಜುತ್ತಿದ್ದ ಅಪ್ಪ ಹಾಗೇ ಓಡಿ ಬಂದ. ವ್ಯಾನು ಹೇಳಿದ ಸಮಯಕ್ಕೆ ಹೊರಟಿತು. ನಮ್ಮ ಮನೆಯ ಇತಿಹಾಸದಲ್ಲಿ ಭಾನುವಾರದ ಕೆಲಸ ಭಾನುವಾರವೇ ಆದದ್ದು ಅದೇ ಮೊದಲು.

ವ್ಯಾನಿನಲ್ಲೇ ಅಪ್ಪ ಸ್ಟೇಷನ್ ಮಾಸ್ಟರರಿಗೆ ಕೋಟು ತೊಡಿಸುತ್ತಾ ಹೇಳಿದ, "ಸಾರ್, ಎಡಗೈ ಜಾಸ್ತಿ ಎತ್ತಬೇಡಿ."

"ಎಲ್ಲೀತನಕ ಎತ್ತಬಹುದು?"

"ಕೈಗಡಿಯಾರ ನೋಡೋವಷ್ಟು."

"ಅಷ್ಟು ಸಾಕು ನನಗೆ," ಎಂದರು ಅವರು.

ವ್ಯಾನಿನಲ್ಲಿ ಸಂಘದ ಹಿರಿಯರು, ಮುಂದಿನ ಸೀಟಿನಲ್ಲಿ ಅತ್ತೆ, ಕೊನೆಯ ಸೀಟಿನಲ್ಲಿ ರೆಡಿಮೇಡ್ ಅಂಗಡಿಯವನು. "ನಾನೂ ಬರ್ತೀನಿ, ನೋಡೇಬಿಡೋಣ," ಎಂದು ಕರಿಕನ್ನಡಕ ಹಾಕಿಕೊಂಡು ಹತ್ತಿದ್ದ. ಅಪ್ಪನ ಮುಖ ಬಿಳಚಿ ಲೈನಿಂಗ್ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಅವನ ಕತ್ತಿನಲ್ಲಿ ಟೇಪು, ಮಡಿಲಲ್ಲಿ ಕತ್ತರಿ ಪೆಟ್ಟಿಗೆ. ಎರಡನ್ನೂ ತರಲೇಬೇಕೆಂದು ಸ್ಟೇಷನ್ ಮಾಸ್ಟರ್ ಹಟ ಹಿಡಿದಿದ್ದರು.

"ಗೇಟ್ ಹತ್ರ ತಲೆ ಸುತ್ತಿ ಬಿದ್ದ ಹಾಗೆ ಮಾಡ್ಲಾ?" ಎಂದು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದ.

"ಟಿಕೆಟ್ ತಗೊಂಡ್ಮೇಲೆ ಬೀಳಿ," ಎಂದಳು ಅಮ್ಮ. ಮಡಿಲಲ್ಲಿ ಡಬ್ಬಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಲ್ಲಿಂದ ತಿರುಗಿ ಕಳಿಸಿದರೆ ಇನ್ನೊಂದು ಭಾನುವಾರ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗೇಟಿನಲ್ಲಿ ಮೀಸೆಯ ಕಾವಲುಗಾರ. ಅವನ ಬೆನ್ನ ಹಿಂದೆ, ಮರಗಳ ಮೇಲೆ, ರಾಕೆಟ್ಟಿನ ಮೂತಿ ಕಾಣುತ್ತಿತ್ತು. ಅಂದರೆ ಅದಕ್ಕೆ ಮೂತಿ ಇತ್ತು. ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು.

ಕಾವಲುಗಾರ ಪೆಟ್ಟಿಗೆ ತೆರೆದು ಕತ್ತರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಏನ್ರೀ ಇದು?"

ಹಿಂದೆ ಇಡೀ ಸಂಘ ಉಸಿರು ಬಿಗಿಹಿಡಿದು ನಿಂತಿತ್ತು. ರೆಡಿಮೇಡ್ ಅಂಗಡಿಯವನು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ.

"ನಾನು," ಎಂದ ಅಪ್ಪ. ಮುಂದಿನ ಮಾತು ಬಹಳ ದೂರದಿಂದ ಬರಬೇಕಾಗಿತ್ತು. "ನಾನು ದರ್ಜಿ."

"ದರ್ಜಿನಾ?"

"ಹೂಂ."

ಕಾವಲುಗಾರನ ಮೀಸೆ ನೆಟ್ಟಗಾಯಿತು. "ಈಗ ಬರ್ತಾ ಇದ್ದೀರಾ?"

ಅಪ್ಪ ಟೇಪನ್ನು ಕತ್ತಿನಿಂದ ತೆಗೆದು ಕೈಗೆ ಸುತ್ತಿಕೊಂಡ.

"ಅಲ್ರೀ, ಎಷ್ಟು ಸಲ ಫೋನ್ ಮಾಡಿಸ್ಬೇಕು ನಿಮಗೆ? ಒಂದ್ಸಲ ನಾಳೆ ಅಂತೀರಿ, ಒಂದ್ಸಲ ನಾಳಿದ್ದು ಅಂತೀರಿ. ಹೋದ ಭಾನುವಾರ ಗ್ಯಾರಂಟಿ ಅಂದಿದ್ರಂತೆ. ಒಳಗೆ ಆ ಸೂಟು ಬಾಯಿ ಬಿಟ್ಕೊಂಡು ನಿಂತಿದೆ. ಪ್ರದರ್ಶನ ನೋಡ್ಕೊಳ್ಳೋ ಮೇಡಂ ದಿನಾ ನನ್ನನ್ನ ಬೈತಾರೆ, ದರ್ಜಿ ಬಂದ್ನಾ, ದರ್ಜಿ ಬಂದ್ನಾ ಅಂತ."

ಎಲ್ಲೋ ಇನ್ನೊಂದು ಊರಿನಲ್ಲಿ, ಇನ್ನೊಂದು ಅಂಗಡಿಯಲ್ಲಿ, ನಮ್ಮ ಅಪ್ಪನಂಥ ಇನ್ನೊಬ್ಬ ಆ ಹೊತ್ತಿಗೆ ಬಾಯಲ್ಲಿ ಸೂಜಿ ಕಚ್ಚಿಕೊಂಡು ನಿಂತಿದ್ದಿರಬೇಕು. ಅವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಅಪ್ಪ ಬಾಯಿ ತೆರೆದ. "ಅದು ನಾನಲ್..." ಗುರುವಾರದಿಂದ ಈಚೆಗೆ ನಿಜ ಅವನ ನಾಲಿಗೆಯ ತುದಿಗೆ ಬಂದದ್ದು ಎರಡನೇ ಸಲ. ಅಮ್ಮ ಅವನ ಬಲಗಾಲಿನ ಹೆಬ್ಬೆರಳಿನ ಮೇಲೆ ತನ್ನ ಹಿಮ್ಮಡಿ ಇಟ್ಟು ಒತ್ತಿದಳು. ಈ ಮನೆಯಲ್ಲಿ ಆ ಹೆಬ್ಬೆರಳಿನ ಗುಟ್ಟು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಅದು ತಪ್ಪು.

"ತಪ್ಪಾಯ್ತು ಸಾರ್," ಎಂದ ಅಪ್ಪ. "ಕೆಲಸ ಜಾಸ್ತಿ ಇತ್ತು."

"ಎಲ್ಲ ದರ್ಜಿಗಳೂ ಹೇಳೋದು ಅದೇ. ನಡೀರಿ ಒಳಗೆ."

ಅಪ್ಪ ಜೀವಮಾನವಿಡೀ ಬೈಗುಳ ತಿಂದಿದ್ದಾನೆ. ಇಷ್ಟು ಸಂತೋಷದಿಂದ ತಿಂದದ್ದನ್ನು ನಾನು ಕಂಡಿಲ್ಲ. ಹಿಂದೆ ಸ್ಟೇಷನ್ ಮಾಸ್ಟರ್ ಖಜಾಂಚಿಗೆ ಹೇಳುತ್ತಿದ್ದರು, "ನೋಡಿದ್ರಾ? ಇವರನ್ನೂ ಕಾಯಿಸಿದಾನೆ. ನಮ್ಮನ್ನೊಬ್ಬರನ್ನೇ ಅಲ್ಲ." ಅವರ ದನಿಯಲ್ಲಿ ಹೆಮ್ಮೆ ಇತ್ತು. ರೆಡಿಮೇಡ್ ಅಂಗಡಿಯವನು ಕರಿಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

ಸೂಟು ಇದ್ದದ್ದು ಫೋಟೋ ತೆಗೆಯುವ ಮೂಲೆಯಲ್ಲಿ. ಬಂದವರು ತೊಟ್ಟುಕೊಂಡು, ರಟ್ಟಿನ ಚಂದ್ರನ ಮೇಲೆ ಒಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಇಟ್ಟ ದೊಡ್ಡ ಬಿಳಿ ಸೂಟು. ಬೆನ್ನಿನ ಉದ್ದಕ್ಕೂ ಜಿಪ್ಪು, ಜಿಪ್ಪಿನ ಒಂದು ಕಡೆ ಹೊಲಿಗೆ ಬಿಟ್ಟು ನೇತಾಡುತ್ತಿತ್ತು. ಮೇಡಂ ಅಪ್ಪನಿಗೆ ಅದನ್ನು ಒಪ್ಪಿಸಿ, ಬೈಯಲು ಇಟ್ಟುಕೊಂಡಿದ್ದ ಉಳಿದ ಮಾತನ್ನೂ ಒಪ್ಪಿಸಿದರು. ಸಂಘದವರು ಹಗ್ಗದ ಆಚೆ ಕೈಕಟ್ಟಿ ನಿಂತರು. "ಹತ್ರ ಹೋಗೋದು ಬೇಡ. ರಹಸ್ಯ ಇರುತ್ತೆ," ಎಂದು ಸ್ಟೇಷನ್ ಮಾಸ್ಟರ್ ಎಲ್ಲರನ್ನೂ ಹಿಂದಕ್ಕೆ ಸರಿಸಿದರು.

ಅಷ್ಟರಲ್ಲಿ ಮೈಕಿನಲ್ಲಿ ನಕ್ಷತ್ರ ಪ್ರದರ್ಶನ ಶುರುವಾಗುತ್ತದೆ ಎಂದು ಕೂಗಿದರು.

"ರೀ, ಬನ್ನಿ," ಎಂದಳು ಅಮ್ಮ.

ಅಪ್ಪ ಬಾಯಿಂದ ಸೂಜಿ ತೆಗೆದ. "ಐದೇ ನಿಮಿಷ. ನೀವು ಹೋಗ್ತಿರಿ, ಬಂದೆ."

ಅಪ್ಪನ ಐದು ನಿಮಿಷ 'ನಾಳೆ'ಯ ಚಿಕ್ಕ ತಂಗಿ. ಅಮ್ಮ ಕಾಯಲಿಲ್ಲ.

ಕೋಣೆ ಜಾಹೀರಾತಿನಲ್ಲಿ ಇದ್ದಂತೆಯೇ ಇತ್ತು. ಅಮ್ಮ ಕುರ್ಚಿಯ ತುದಿಯಲ್ಲಿ, ಅಂಚು ಹೊಲಿಯಲು ಕೂತಂತೆ ಕೂತಳು. ನಾನು ಅವಳ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿದೆ. ಕುರ್ಚಿ ವಾಲಿತು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೀಳಲ್ವಾ ಇದು?"

"ಇಲ್ಲಮ್ಮ."

ದೀಪ ಆರಿತು. ಅಮ್ಮನ ಕತ್ತಿನಿಂದ ಟಕ್ ಎಂಬ ಸಣ್ಣ ಸದ್ದು ಬಂತು, ಆಮೇಲೆ ಅವಳ ಬಾಯಿಂದ ಒಂದು ಉದ್ದನೆಯ ಉಸಿರು. ತಲೆಯ ಮೇಲೆ ನಕ್ಷತ್ರಗಳು ಬಂದವು, ಒಂದೊಂದಾಗಿ, ನನ್ನ ಅಯಸ್ಕಾಂತಕ್ಕೆ ಸೂಜಿಗಳು ಬರುವ ಹಾಗೆ. ಬರುತ್ತಲೇ ಇದ್ದವು. ಅಮ್ಮನ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ತಿರುಗಿತು.

"ಇದಕ್ಕೆ ಅಂಚೇ ಇಲ್ವಲ್ಲೇ," ಎಂದಳು ಕೊನೆಗೆ.

ಪಕ್ಕದ ಸಾಲಿನಲ್ಲಿ ಸ್ಟೇಷನ್ ಮಾಸ್ಟರ್ ಅತ್ತೆಗೆ ವಿವರಿಸುತ್ತಿದ್ದರು. "ಅಗೋ ನೋಡಿ, ಅದು ಧ್ರುವ ನಕ್ಷತ್ರ." ಕತ್ತಲಲ್ಲಿ ಪರ್ರ್ ಎಂದು ಸದ್ದಾಯಿತು. ಆಮೇಲೆ ಅವರು ಯಾವ ನಕ್ಷತ್ರವನ್ನೂ ತೋರಿಸಲಿಲ್ಲ.

"ಎಡದ ತೋಳು," ಎಂದಳು ಅಮ್ಮ, ಕಣ್ಣು ಕೆಳಗಿಳಿಸದೆ.

ಪ್ರದರ್ಶನ ಮುಗಿದು ದೀಪ ಹತ್ತಿತು. ಎಲ್ಲರೂ ಎದ್ದರು. ಅಮ್ಮ ಏಳಲಿಲ್ಲ.

"ಇನ್ನೊಂದ್ಸಲ ತೋರಿಸ್ತಾರಂತೆ. ನೋಡೋಣ."

"ಅಪ್ಪ ಹೊರಗೇ ಇದ್ದಾನಲ್ಲಮ್ಮ."

"ಐದು ನಿಮಿಷ ಅಂದಿದ್ದಾರೆ. ಇನ್ನೂ ಆಗಿರಲ್ಲ."

ಎರಡನೇ ಸಲ ಅವಳು ನನ್ನ ಕೈ ಹಿಡಿಯಲಿಲ್ಲ. ಎರಡು ಕೈಗಳನ್ನೂ ಮಡಿಲಲ್ಲಿ ಖಾಲಿ ಇಟ್ಟುಕೊಂಡಿದ್ದಳು.

ನಾವು ಹೊರಗೆ ಬರುವ ಹೊತ್ತಿಗೆ ಫೋಟೋ ಮೂಲೆಯಲ್ಲಿ ಜನ ಸೇರಿದ್ದರು. ನಡುವೆ, ರಟ್ಟಿನ ಚಂದ್ರನ ಮೇಲೆ, ಬಿಳಿ ಸೂಟು ತಾನೇ ನಿಂತು ಕೈಯಾಡಿಸುತ್ತಿತ್ತು.

ಆಗಿದ್ದು ಇಷ್ಟು. ಅಪ್ಪ ಜಿಪ್ಪು ಹೊಲಿದು ಮುಗಿಸಿದ. ಮೇಡಂ, "ತೊಟ್ಟು ತೋರಿಸಿ, ನಿಮ್ಮ ಮಾತು ನಂಬಲ್ಲ," ಎಂದರು. ಅಪ್ಪ ತೊಟ್ಟ. ಜಿಪ್ಪು ನಡುವಿನ ತನಕ ಬೆಣ್ಣೆಯ ಹಾಗೆ ಏರಿತು, ಕತ್ತಿನ ಹತ್ತಿರ ಹೋಗಿ ಒಳಬಟ್ಟೆಯನ್ನು ಕಚ್ಚಿಕೊಂಡು ಕೂತಿತು. ಮೇಲಕ್ಕೂ ಬಾರದು, ಕೆಳಕ್ಕೂ ಬಾರದು. ಹೆಲ್ಮೆಟ್ಟು ಸೂಟಿಗೇ ಸೇರಿದ್ದು, ಜಿಪ್ಪು ಇಳಿಯದೆ ಅದೂ ಬರುವುದಿಲ್ಲ. ಮೇಡಂ ಇನ್ನಾರನ್ನೋ ಕರೆಯಲು ಹೋದರು. ಅದೇ ಹೊತ್ತಿಗೆ ಸಂಘದವರು ನಕ್ಷತ್ರ ನೋಡಿ, ರಾಕೆಟ್ಟಿಗೂ ಒಂದು ಸುತ್ತು ಹಾಕಿ ಅಲ್ಲಿಗೆ ಬಂದರು.

"ಅಂದ್ರೆ," ಎಂದರು ಸ್ಟೇಷನ್ ಮಾಸ್ಟರ್, ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡು, "ಹೊಲಿಯೋಕೆ ಮಾತ್ರ ಕರೆಸಿದ್ದಲ್ಲ. ಇವನನ್ನೇ ಕಳಿಸ್ತಿದ್ದಾರೆ."

"ಅಯ್ಯೋ ನನ್ನ ತಮ್ಮ," ಎಂದು ಅತ್ತೆ ಅಳತೊಡಗಿದಳು. "ನಿನ್ನ ಅಳತೆಗೇ ಹೊಲಿಯೋಕೆ ಇಷ್ಟು ಗುಟ್ಟು ಮಾಡಿದ್ಯೇನೋ. ಕಾಲಲ್ಲಿ ಬಟ್ಟೆ ಬಿಟ್ಟಿದ್ದೀಯಾ? ಉದ್ದ ಆಗ್ತೀಯಾ ಕಣೋ."

"ನಾನು ಮೊದಲೇ ಹೇಳಿದ್ದೆ, ಇವನು ಮೇಲೆ ಬರೋ ಆಸಾಮಿ ಅಂತ," ಎಂದ ರೆಡಿಮೇಡ್ ಅಂಗಡಿಯವನು. ಅವನು ಹಾಗೆ ಎಂದೂ ಹೇಳಿರಲಿಲ್ಲ.

ಹೆಲ್ಮೆಟ್ಟಿನ ಒಳಗಿಂದ ಏನೋ ಗೊಣಗಿದಂತಾಯಿತು.

ಫೋಟೋ ತೆಗೆಯುವವನು ಕುರ್ಚಿಗಳನ್ನು ಸಾಲಾಗಿ ಇಟ್ಟ. ಆಗ ನಡೆದದ್ದನ್ನು ಸಂಘದವರು ಈಗಲೂ ಹೇಳುತ್ತಾರೆ. ಸ್ಟೇಷನ್ ಮಾಸ್ಟರ್ ಮಧ್ಯದ ಕುರ್ಚಿಯ ತನಕ ಹೋಗಿ, ನಿಂತು, ಅದನ್ನು ಬಿಳಿ ಸೂಟಿಗೆ ಬಿಟ್ಟುಕೊಟ್ಟರು. ಸ್ವತಃ ಪಕ್ಕದಲ್ಲಿ ನಿಂತರು. ಅವರ ಭುಜದಲ್ಲಿ ಕಚ್ಚಾ ಹೊಲಿಗೆಯ ಬಿಳಿ ದಾರ ಪದಕದ ಹಾಗೆ ನೇತಾಡುತ್ತಿತ್ತು. ಸೂಟನ್ನು ಇಬ್ಬರು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅದು ಕೂತಲ್ಲೇ ಎರಡು ಕೈಗಳನ್ನೂ ಬೆನ್ನ ಹಿಂದೆ ಒಯ್ಯಲು ನೋಡಿತು. ಕೈ ತಲುಪಲಿಲ್ಲ.

ಜಿಪ್ಪು ಸಿಕ್ಕಿಕೊಂಡರೆ ಹಲ್ಲುಗಳ ಮೇಲೆ ಮೇಣದ ಬತ್ತಿ ಉಜ್ಜಬೇಕು, ತಾನಾಗಿ ಬಿಡುತ್ತದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ತುಂಡು ಇರುತ್ತದೆ. ಅದನ್ನು ತೆಗೆದು ಒಂದು ಹೆಜ್ಜೆ ಮುಂದಿಟ್ಟೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಹಾಗೇ ಎಳೆದುಕೊಂಡು ಹೋಗಿ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿ, ತಾನೂ ಕೂತಳು. ತಲೆಯನ್ನು ಗೋಡೆಗೆ ಒರಗಿಸಿದಳು. ಮೇಲೆ ಛಾವಣಿಯಿಂದ ಒಂದು ಉಪಗ್ರಹದ ಮಾದರಿ ತಂತಿಯಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಅವಳು ಅದನ್ನು ನೋಡುತ್ತಾ ಡಬ್ಬಿಯ ಮುಚ್ಚಳ ತೆಗೆದಳು.

"ಎಲ್ಲರೂ ಅಲ್ಲಾಡದೆ ಇರಿ," ಎಂದ ಫೋಟೋದವನು.

ಎಲ್ಲರೂ ಉಸಿರು ಬಿಗಿಹಿಡಿದರು. ಆ ನಿಶ್ಶಬ್ದದಲ್ಲಿ ಹೆಲ್ಮೆಟ್ಟಿನ ಒಳಗಿನ ಮಾತು ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು.

"ಯಾರಾದ್ರೂ ಸ್ವಲ್ಪ ಈ ಜಿಪ್ಪು ಕೆಳಗೆ ಎಳೀರಿ," ಎಂದ ಅಪ್ಪ.